ಹಳೆ ಎಸ್ಟೀಮ್‌ಗೆ ಟರ್ಬೋ: ಬೈಕಂಪಾಡಿ ಗ್ಯಾರೇಜಿನವರು ಬೇಡ ಅಂದರು

ಟರ್ಬೋ (ಇಂಜಿನಿಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಏರಿಸುವ ಸಾಧನ) ಹಾಕಿಸಲು ಬಂದ ಗಿರಾಕಿಗೆ "ಮೊದಲು ಇಂಜಿನ್ ನೋಡುವ ಮಾರಾಯ್ರೆ" ಅನ್ನುವ ಗ್ಯಾರೇಜ್ ಸಿಗುವುದು ಅಪರೂಪ. ಮಂಗಳೂರಿನ ಬೈಕಂಪಾಡಿಯ ಈ ಸಣ್ಣ ಗ್ಯಾರೇಜ್ ಅಂಥದ್ದು.

ನನ್ನದು ಮಾರುತಿ ಎಸ್ಟೀಮ್, 1298 ಸಿಸಿ. ಆಗುಂಬೆಯ 14 ತಿರುವು ಹತ್ತುವಾಗ ಇನ್ನಷ್ಟು ಎಳೆತ ಬೇಕಿತ್ತು. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗೆ ಗಾಳಿ ಒತ್ತಿದಾಗ ಬರುವ ಒತ್ತಡ, ಅಳೆದರು. ಮೂರನೆಯದರಲ್ಲಿ ಕಡಿಮೆ. ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಅಳೆದಾಗ ಏರಿತು. ಅಂದರೆ ಒತ್ತಡ ಸೋರದಂತೆ ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದೆ. ಟರ್ಬೋ ಒತ್ತಡವನ್ನು ಇದು ತಾಳದು.

ರಿಂಗ್ ಸರಿ ಇದ್ದರೂ ಸಾಲದು. ಟರ್ಬೋ ಇಲ್ಲದೆ ಓಡಲು ಮಾಡಿದ ಇಂಜಿನಿನಲ್ಲಿ ಸಾಮಾನ್ಯವಾಗಿ ಕಂಪ್ರೆಶನ್ ಅನುಪಾತ (ಒಳಗಿನ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವುದು) ಮೊದಲೇ ಜಾಸ್ತಿ. ಮೇಲಿಂದ ಟರ್ಬೋದ ಬೂಸ್ಟ್ (ಹೆಚ್ಚುವರಿ ಒತ್ತಡ) ಕೊಟ್ಟರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ ಒಡೆಯಬಹುದು. ಗಾಳಿ ತಣಿಸುವ ಇಂಟರ್‌ಕೂಲರ್, ಟರ್ಬೋ ಕೂರಿಸಲು ಬೇರೆ ಮ್ಯಾನಿಫೋಲ್ಡ್ (ಹೊಗೆ ಸಾಗುವ ಕೊಳವೆ), ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಆಯಿಲ್ ಲೈನ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಎಲ್ಲ ಬೇಕು. ಕ್ಲಚ್, ಬ್ರೇಕ್ ಕೂಡ ತಾಳಬೇಕು, ಅಲ್ವಾ? ವಾಹನದ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆಯೂ ಅವರೇ ಎಚ್ಚರಿಸಿದರು.

ದೊಡ್ಡ ಬಿಲ್ ಮಾಡುವ ಅವಕಾಶ ಬಿಟ್ಟು ಇಷ್ಟು ಬಿಡಿಸಿ ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು. ರಿಂಗ್ ಬದಲಿಸಿ, ವಾಲ್ವ್ ಸರಿಮಾಡಿ, ಇಂಜೆಕ್ಟರ್ ತೊಳೆದು ಕೊಟ್ಟರು. ಈಗ ಎರಡನೇ ಗೇರಿನಲ್ಲಿ ಘಾಟಿ ಸಲೀಸಾಗಿ ಹತ್ತುತ್ತದೆ. ಟರ್ಬೋದ ಆಸೆ ಬಿಟ್ಟಿದ್ದೇನೆ.

ಕೊರತೆ ಒಂದೇ: ಹೇಳಿದ ದಿನಕ್ಕೆ ಗಾಡಿ ಸಿಗುವುದಿಲ್ಲ. ಮಳೆಗಾಲದಲ್ಲಂತೂ ಮೊದಲೇ ಫೋನ್ ಮಾಡಿ ಹೋಗಿ.