ತಲೆ ಸವೆದ ಬೋಲ್ಟ್ ಬಿಚ್ಚುವ ಸಾಕೆಟ್ ಸೆಟ್: ಸೈಲೆನ್ಸರಿಗೆ ಸರಿ, ಬ್ಲೇಡಿನ ನಟ್ಟಿಗೆ ಬೇಡ

ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್ ಇಟ್ಟುಕೊಂಡವರಿಗೆಲ್ಲ ಈ ಕಷ್ಟ ಗೊತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬೋಲ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಜೋರು ಮಾಡಿದರೆ ಬೋಲ್ಟ್ ಅಲ್ಲಾಡುವುದಿಲ್ಲ, ತಲೆಯ ಮೂಲೆಗಳು ಮಾತ್ರ ಸವೆದು ಗುಂಡಗಾಗುತ್ತವೆ. ನಮ್ಮ ಟೂ ಸ್ಟ್ರೋಕ್ ಮೆಷಿನ್ನಿನ ಸೈಲೆನ್ಸರ್ ಬೋಲ್ಟ್ ಹೀಗೇ ಆಯಿತು. ತಪ್ಪು ನನ್ನದೇ. 10 ಎಂಎಂ ಪಾನಾ ಹುಡುಕಲು ಸೋಮಾರಿತನ, ಕೈಗೆ ಸಿಕ್ಕಿದ ಸ್ಕ್ರೂ ಸ್ಪ್ಯಾನರ್ ಹಾಕಿ ತಿರುಗಿಸಿದ್ದೆ.

ಆಮೇಲೆ ಆನ್‌ಲೈನ್‌ನಲ್ಲಿ ಈ ಸೆಟ್ ತರಿಸಿದೆ, ಸುಮಾರು 900 ರೂಪಾಯಿ. ಹೊರಗಿಂದ ಮಾಮೂಲಿ ಸಾಕೆಟ್ ಥರಾನೇ. ಒಳಗೆ ಬೆರಳು ಹಾಕಿ ನೋಡಿ, ಆರು ಮೂಲೆ ಇಲ್ಲ, ಹಗ್ಗ ಹೊಸೆದ ಹಾಗೆ ಓರೆಯಾಗಿ ತಿರುಚಿದ ಚೂಪು ಅಂಚುಗಳಿವೆ. ಸವೆದ ತಲೆಯ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಎಡಕ್ಕೆ ತಿರುಗಿಸಿದಷ್ಟೂ ಅಂಚುಗಳು ಲೋಹಕ್ಕೆ ಕಚ್ಚುತ್ತಾ ಹೋಗುತ್ತವೆ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಬೆಳಿಗ್ಗೆ 10ರ ಸಾಕೆಟ್ ಹಾಕಿದರೆ ಸಡಿಲ, ತುಕ್ಕಿಗೆ ತಲೆ ಅಷ್ಟು ಕರಗಿತ್ತು. 9ನ್ನು ನಾಲ್ಕು ಏಟು ಹಾಕಿ ಕೂರಿಸಿದೆ. ಆ ಬೋಲ್ಟ್ ಕೂತಿರುವುದು ಅಲ್ಯೂಮಿನಿಯಂ ಸಿಲಿಂಡರಿನಲ್ಲಿ, ಒಳಗೇ ಮುರಿದರೆ ಕಥೆ ಮುಗಿಯಿತು, ಹಾಗಾಗಿ ಉಸಿರು ಬಿಗಿಹಿಡಿದು ನಿಧಾನಕ್ಕೆ ಒತ್ತಡ ಕೊಟ್ಟೆ. ಟಕ್ ಅಂತ ಸದ್ದು ಬಂತು. ಮುರಿದೇ ಹೋಯಿತು ಅಂದುಕೊಂಡೆ, ಇಲ್ಲ, ತುಕ್ಕು ಬಿಟ್ಟ ಸದ್ದು. ಮಿಕ್ಕಿದ್ದು ಸಲೀಸು. ಬೋಲ್ಟ್ ಸಾಕೆಟ್ಟಿನೊಳಗೇ ಕಚ್ಚಿಕೊಂಡಿತ್ತು, ಹಿಂದಿನ ಚೌಕ ತೂತಿನಿಂದ ಒಂದು ಸರಳು ಇಟ್ಟು ಹೊಡೆದರೆ ಬಿತ್ತು. ಆ ಬೋಲ್ಟ್ ಗುಜರಿಗೇ ಸೈ.

ಇಷ್ಟು ನೋಡಿ ಬ್ಲೇಡಿನ ನಟ್ಟಿಗೂ ಇದನ್ನೇ ಹಾಕೋಣ ಅಂತ ಹೊರಟರೆ ಮೋಸ ಹೋಗುತ್ತೀರಿ, ನಾನೂ ಹೊರಟಿದ್ದೆ. ಇಂಥ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ಬ್ಲೇಡಿನ ನಟ್ಟು ಉಲ್ಟಾ ಥ್ರೆಡ್ಡಿನದು, ಸೈಕಲಿನ ಎಡಗಡೆ ಪೆಡಲ್ ಇದ್ದ ಹಾಗೆ. ಬ್ಲೇಡ್ ಓಡುವಾಗ ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿರುತ್ತಾರೆ. ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು, ಈ ಸಾಕೆಟ್ ಕಚ್ಚುವುದು ಎಡಕ್ಕೆ ಮಾತ್ರ! ಅಂದರೆ ಇದರಿಂದ ನಟ್ಟು ಇನ್ನೂ ಬಿಗಿಯಾಗುತ್ತದೆ, ಅಷ್ಟೇ. ಅದೂ ಅಲ್ಲದೆ ನಟ್ಟುಗಳು ಸವೆಯುವುದೇ ಜಾಸ್ತಿ ಈ ಗೊಂದಲದಿಂದ, ಕೆಲಸಕ್ಕೆ ಬಂದವರು ಗೊತ್ತಿಲ್ಲದೆ ಎಡಕ್ಕೆ ಎಳೆದು ಎಳೆದು ಮೂಲೆ ತೆಗೆದಿರುತ್ತಾರೆ. ಮಾರುವವರು ಇದನ್ನು ಎಲ್ಲೂ ಬರೆದಿಲ್ಲ, ನನ್ನ ದೊಡ್ಡ ದೂರು ಅದೇ. ಕೊನೆಗೆ ಗೇರ್ ಬಾಕ್ಸ್ ತೂತಿಗೆ ಅಲೆನ್ ಕೀ ಹಾಕಿ ತಡೆದು, ನಟ್ಟಿನ ಅಂಚಿಗೆ ಚಾಣ ಇಟ್ಟು ಬಲಕ್ಕೆ ಹೊಡೆದು ಬಿಚ್ಚಿದೆ.

ಬೋಲ್ಟಿಗೆ ತೂತು ಕೊರೆದು ಹಾಕುವ ಎಕ್ಸ್‌ಟ್ರಾಕ್ಟರ್ ಒಂದು ಬರುತ್ತದಲ್ಲ, ಅದಕ್ಕಿಂತ ಇದು ಎಷ್ಟೋ ವಾಸಿ. ಅದು ಬಹಳ ಗಟ್ಟಿ ಉಕ್ಕು, ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದೇ ಇಲ್ಲ.

5ಕ್ಕೆ 4 ಕೊಡುತ್ತೇನೆ. ಡಬ್ಬಿಯ ಕ್ಲಿಪ್ ಎರಡೇ ದಿನಕ್ಕೆ ಮುರಿಯಿತು, ಈಗ ಹಳೇ ಟ್ಯೂಬಿನ ರಬ್ಬರ್ ಕಟ್ಟಿ ಇಟ್ಟಿದ್ದೇನೆ.