ವ್ಯಾಕ್ಸ್, ಸೀಲಂಟ್, ಸೆರಾಮಿಕ್: ಹಳೇ ಮಸ್ಟಾಂಗಿಗೆ ಯಾವುದು, ಹಾಟ್ ರಾಡಿಗೆ ಯಾವುದು?

ಡೆಟ್ರಾಯಿಟ್ ಸುತ್ತಮುತ್ತ ಹಳೇ ಕಾರು ಇಟ್ಟುಕೊಂಡವರಿಗೆ ಆಗಸ್ಟ್ ಅಂದರೆ ಹಬ್ಬ. ಆ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಲ್ಲಿ ಫರ್ನ್‌ಡೇಲ್‌ ಊರಿನವರು ಮಕ್ಕಳ ಸಾಕರ್ ಮೈದಾನಕ್ಕೆ ದುಡ್ಡು ಕೂಡಿಸಲು ಶುರು ಮಾಡಿದ್ದು. ಈಗ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಶೆವಿ, ಫೋರ್ಡ್, ಡಾಡ್ಜ್‌ಗಳ ಜಾತ್ರೆ. ಅದಕ್ಕೂ ಮುಂಚಿನ ವಾರಗಳಲ್ಲಿ ಎಲ್ಲರ ಗ್ಯಾರೇಜಿನಲ್ಲೂ ಒಂದೇ ವಾದ: ಪೇಂಟಿನ ಮೇಲೆ ಏನು ಹಚ್ಚಬೇಕು?

ನಾನು ಮೂರು ಬಗೆಯನ್ನೂ ಹಚ್ಚಿ ನೋಡಿದೆ. ಡಬ್ಬಿಯಲ್ಲಿ ಬರುವ ಕಾರ್ನೌಬಾ ಪೇಸ್ಟ್ ವ್ಯಾಕ್ಸ್, ಸಿಂಥೆಟಿಕ್ ಸೀಲಂಟ್ (ಮೇಣದ ಬದಲು ಕೃತಕ ಪಾಲಿಮರಿನ ಲೇಪ), ಸೆರಾಮಿಕ್ ಸ್ಪ್ರೇ (ಸಿಲಿಕಾ ಬೆರೆತ ಲೇಪ). ಎರಡು ಕಾರುಗಳ ಮೇಲೆ. ಒಂದು ನನ್ನ 1965ರ ಮಸ್ಟಾಂಗ್, ರಂಗೂನ್ ರೆಡ್ ಬಣ್ಣದ್ದು. ಇನ್ನೊಂದು ಗೆಳೆಯನ 1932ರ ಫೋರ್ಡ್ ರೋಡ್‌ಸ್ಟರ್. ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರು, ಇಟ್ಟುಕೊಂಡ ಮಂದಿ ‘ಡ್ಯೂಸ್’ ಅನ್ನೋದು ಇದನ್ನೇ. ಫೋರ್ಡಿನ ಎಂಟು ಸಿಲಿಂಡರಿನ ಫ್ಲಾಟ್‌ಹೆಡ್ ವಿ8 ಎಂಜಿನ್ ಬಂದದ್ದು ಆ ವರ್ಷವೇ. ಮುಂದೆ ಆ ಕಾರುಗಳು ಹಳೆಯದಾಗಿ ಅಗ್ಗಕ್ಕೆ ಸಿಗತೊಡಗಿದಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಕೊಂಡು, ಮಡ್‌ಗಾರ್ಡ್ ಕಿತ್ತು ಭಾರ ಇಳಿಸಿ, ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. ಅವರಿಗೆ ವೇಗ ಮುಖ್ಯ, ಹೊಳಪು ಆಮೇಲೆ. ನನ್ನ ಗೆಳೆಯನಿಗೆ ಎರಡೂ ಬೇಕು.

ಎರಡು ಕಾರಿಗೂ ಇರುವ ದೊಡ್ಡ ವ್ಯತ್ಯಾಸ ವಯಸ್ಸಲ್ಲ, ಪೇಂಟು. ನನ್ನದು ಹಳೇ ಕಾಲದ ಸಿಂಗಲ್ ಸ್ಟೇಜ್. ಬಣ್ಣ, ಹೊಳಪು ಎರಡೂ ಒಂದೇ ಪದರದಲ್ಲಿ. ಡ್ಯೂಸ್‌ಗೆ ಹೊಸದಾಗಿ ಕಪ್ಪು ಬಣ್ಣ ಹೊಡೆಸಿ, ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಹಾಕಿಸಿದ್ದಾನೆ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ, ಬಾಗಿಲಿನ ಕೆಳಗಡೆ ಬಿಳಿ ಬಟ್ಟೆಗೆ ಒಂಚೂರು ಪಾಲಿಶ್ ಹಾಕಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಅಂಟಿದರೆ ಸಿಂಗಲ್ ಸ್ಟೇಜ್. ಇಷ್ಟು ತಿಳಿಯದೆ ಅಂಗಡಿಗೆ ಹೋಗಬೇಡಿ.

ಎರಡನ್ನೂ ತೊಳೆದು, ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಕ್ಲೇ ಬಾರ್ ಎಳೆದೆವು. ಬಾನೆಟ್ ಮೇಲೆ ಟೇಪ್ ಅಂಟಿಸಿ ಮೂರು ಭಾಗ ಮಾಡಿದೆವು. ಡ್ಯೂಸ್‌ನ ಬಾನೆಟ್ ಕಿರಿದು, ಆದ್ದರಿಂದ ಅದರಲ್ಲಿ ಹಿಂಬದಿಯ ಮುಚ್ಚಳವನ್ನು ಆರಿಸಿಕೊಂಡೆವು.

ಮಸ್ಟಾಂಗ್ ಮೇಲೆ ಪೇಸ್ಟ್ ವ್ಯಾಕ್ಸ್ ಸಲೀಸಾಗಿ ಗೆದ್ದಿತು. ಬಿಸಿಲು ತಿಂದ ಕೆಂಪು ಪೇಂಟು ಗುಲಾಬಿಗೆ ತಿರುಗಿ ಸುಣ್ಣ ಬಳಿದಂತೆ ಮಂಕಾಗುತ್ತದೆ. ಕಾರ್ನೌಬಾ ಅಂದರೆ ಬ್ರೆಜಿಲಿನ ಒಂದು ತಾಳೆಯ ಎಲೆಯಿಂದ ತೆಗೆಯುವ ಮೇಣ. ತುಂಬಾ ಗಟ್ಟಿ. ಹಾಗೇ ಹಚ್ಚಲು ಬರುವುದಿಲ್ಲ, ಅದಕ್ಕೇ ಡಬ್ಬಿಯಲ್ಲಿ ಎಣ್ಣೆ, ಸಾಲ್ವೆಂಟ್ ಬೆರೆತಿರುತ್ತವೆ. ಆ ಎಣ್ಣೆ ಒಣಗಿದ ಪೇಂಟಿಗೆ ಇಳಿದರೆ, ಒಣ ತಲೆಗೂದಲಿಗೆ ಎಣ್ಣೆ ಹಚ್ಚಿದ ಹಾಗೆ ಬಣ್ಣ ಗಾಢವಾಗುತ್ತದೆ. ಇನ್ನೂ ಚೆನ್ನಾಗಿ ಬೇಕೆಂದರೆ ಮೊದಲು ಮೆಗ್ವಾಯರ್ಸ್ ನಂಬರ್ 7 ಗ್ಲೇಜ್ (ಪೇಂಟಿಗೆ ಎಣ್ಣೆಯಂಶ ಕೊಡುವ ಹೊಳಪು ದ್ರವ) ಹಚ್ಚಿ, ನೆನೆಯಲು ಬಿಟ್ಟು, ಒರೆಸಿ, ಆಮೇಲೆ ವ್ಯಾಕ್ಸ್ ಹಾಕಿ. ಹಳೇ ಪೇಂಟಿನವರು ದಶಕಗಳಿಂದ ಮಾಡಿಕೊಂಡು ಬಂದಿದ್ದು ಇದನ್ನೇ. ಬರೀ ಗ್ಲೇಜ್ ರಕ್ಷಣೆ ಕೊಡುವುದಿಲ್ಲ.

ಕಿರಿಕಿರಿ ಏನೂ ಇಲ್ಲ ಅಂತಲ್ಲ. ಮಸ್ಟಾಂಗ್ ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ ಕೂತುಬಿಡುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಕೂರಬೇಕು. ತೋಳು ನೋಯುತ್ತದೆ. ಬಾಳಿಕೆಯೂ ಕಮ್ಮಿ, ಕೆಲವೇ ತಿಂಗಳು.

ಸೀಲಂಟ್ ಹಚ್ಚುವುದು ಸುಲಭ, ಬಾಳಿಕೆ ಜಾಸ್ತಿ. ಆದರೆ ನನ್ನ ಕೆಂಪು ಪೇಂಟಿನ ಮೇಲೆ ಅದರ ಹೊಳಪು ಗಾಜಿನ ತರಹ ತಣ್ಣಗಿತ್ತು. ಬಣ್ಣಕ್ಕೆ ಆಳ ಬರಲಿಲ್ಲ. ಒಣಗಿ ಗಟ್ಟಿಯಾಗುವವರೆಗೆ ನೀರು ತಾಗಿಸದೆ ಒಳಗಡೆ ನಿಲ್ಲಿಸಬೇಕು ಬೇರೆ.

ಸೆರಾಮಿಕ್ ಸ್ಪ್ರೇ ಮಸ್ಟಾಂಗಿಗೆ ಬೇಡವೇ ಬೇಡ ಅಂತ ನನ್ನ ತೀರ್ಮಾನ. ನೀರು ಮುತ್ತಿನಂತೆ ಉರುಳಿ ಹೋಗುತ್ತದೆ, ಸರಿ. ಆದರೆ ಕೆಳಗೆ ಪೇಂಟು ಮಂಕಾಗಿದ್ದರೆ ಮಂಕಾಗಿಯೇ ಉಳಿಯುತ್ತದೆ. ಇನ್ನೊಂದು ಚಿಂತೆ: ಹಳೇ ಕಾರಿಗೆ ಎಲ್ಲಾದರೂ ಒಂದು ಕಡೆ ಪೇಂಟ್ ಹೊಡೆಸುವ ಕೆಲಸ ಬಂದೇ ಬರುತ್ತದೆ. ಸ್ಪ್ರೇಯಲ್ಲಿನ ಸಿಲಿಕೋನ್ ಅಂಶ ಉಳಿದಿದ್ದರೆ ಹೊಸ ಪೇಂಟು ಅಲ್ಲಲ್ಲಿ ಸರಿದು ಗುಳಿ ಬೀಳುತ್ತದೆ. ಪೇಂಟರುಗಳು ಬೈಯುವುದು ಸುಮ್ನೆ ಅಲ್ಲ.

ಮೇಲಾಗಿ, ಬಾಳಿಕೆ ಅನ್ನೋ ಮಾತೇ ಇಲ್ಲಿ ಅಷ್ಟು ಮುಖ್ಯ ಅಲ್ಲ. ಮಿಶಿಗನ್ನಿನಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೇ ಕಾರಿನ ತಗಡಿಗೆ ಅದು ವಿಷ. ಹಾಗಾಗಿ ಅರ್ಧ ವರ್ಷ ಮಸ್ಟಾಂಗ್ ಹೊದಿಕೆಯೊಳಗೆ ಮಲಗಿರುತ್ತದೆ. ಮಳೆ ಬಂದರೂ ಹೊರಗೆ ತೆಗೆಯುವುದಿಲ್ಲ. ಗ್ಯಾರೇಜಿನಲ್ಲಿ ನಿಂತ ಕಾರಿಗೆ ವರ್ಷಗಟ್ಟಲೆ ಬಾಳುವ ಕೋಟಿಂಗ್ ಯಾಕೆ, ಅಲ್ವಾ?

ಡ್ಯೂಸ್ ಮೇಲೆ ಲೆಕ್ಕ ತಲೆಕೆಳಗಾಯಿತು. ಕ್ಲಿಯರ್ ಕೋಟಿಗೆ ಎಣ್ಣೆ ಬೇಕಿಲ್ಲ. ವ್ಯಾಕ್ಸಿಗೂ ಸೀಲಂಟಿಗೂ ನೋಟದಲ್ಲಿ ವ್ಯತ್ಯಾಸ ಹುಡುಕಬೇಕಾಯಿತು. ಮೊದಲ ಸ್ಥಾನ ಸೆರಾಮಿಕ್ಕಿಗೇ. ಮಡ್‌ಗಾರ್ಡ್ ಇಲ್ಲದ ಗಾಡಿ, ಟೈರು ಎರಚಿದ ಕೆಸರೆಲ್ಲ ಮೈಗೇ ಬಡಿಯುತ್ತದೆ. ಸ್ಪ್ರೇ ಹಾಕಿದ ಭಾಗದಲ್ಲಿ ನೀರು ಬಿಟ್ಟರೆ ಸಾಕು, ಜಾರಿ ಹೋಯಿತು. ಒಂದೇ ಎಚ್ಚರಿಕೆ: ನೆರಳಲ್ಲಿ, ತಣ್ಣಗಿರುವ ತಗಡಿನ ಮೇಲೆ, ಸಣ್ಣ ಸಣ್ಣ ಭಾಗವಾಗಿ ಹಚ್ಚಿ ತಕ್ಷಣ ಒರೆಸಿ. ಬಿಸಿಲಲ್ಲಿ ಹಚ್ಚಿದರೆ ಕಪ್ಪಿನ ಮೇಲೆ ಗೆರೆಗಳು ಕಣ್ಣಿಗೆ ಹೊಡೆಯುತ್ತವೆ.

ಕ್ರೋಮ್ ಬಂಪರಿಗೆ ಬೇರೆ ಏನೂ ಕೊಳ್ಳಬೇಡಿ, ಅದೇ ಪೇಸ್ಟ್ ವ್ಯಾಕ್ಸ್ ಸಾಕು. ಸಣ್ಣ ತುಕ್ಕಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ.

ಧೂಳಿಗೆ ಎರಡು ದಾರಿ: ಕ್ಯಾಲಿಫೋರ್ನಿಯಾ ಡಸ್ಟರ್, ಇಲ್ಲವೇ ಡಿಟೇಲರ್ ಸ್ಪ್ರೇ (ಕೊಳೆ ನೆನೆಸಿ ಒರೆಸುವ ದ್ರವ) ಮತ್ತು ಮೈಕ್ರೋಫೈಬರ್ ಬಟ್ಟೆ. ಡಸ್ಟರಿನ ಹತ್ತಿ ಎಳೆಗಳಿಗೆ ಪ್ಯಾರಾಫಿನ್ ಮೇಣ ಹಚ್ಚಿರುತ್ತಾರೆ, ಸಣ್ಣ ಧೂಳು ಅಂಟಿಕೊಂಡು ಬರುತ್ತದೆ. ಹೊಸದನ್ನು ಕಾಗದದ ಮೇಲಿಟ್ಟು ಹೆಚ್ಚಿನ ಮೇಣ ಇಳಿಯಲು ಬಿಡಿ. ರಸ್ತೆ ಬದಿ ಕಾರು ನಿಲ್ಲಿಸಿದಾಗ ಇದಕ್ಕಿಂತ ಚುರುಕಾದ್ದು ಇನ್ನೊಂದಿಲ್ಲ. ಆದರೆ ಒಣಗಿದ ಮಳೆಹನಿ, ಹಕ್ಕಿ ಹಿಕ್ಕೆ, ಮರಳಿನ ಕಣ ಇದ್ದರೆ ಡಿಟೇಲರ್ ಸ್ಪ್ರೇಯೇ ಬೇಕು. ಒಣ ಒಣಗಿದ್ದಾಗ ಉಜ್ಜಿದರೆ ಗೀರು ಗ್ಯಾರಂಟಿ.

ಮ್ಯಾಟ್ ಕಪ್ಪಿನ, ಅಂದರೆ ಹೊಳಪಿಲ್ಲದ ಕಪ್ಪಿನ, ಹಾಟ್ ರಾಡ್ ಇದ್ದವರು ಈ ಮೂರರಲ್ಲಿ ಪೇಸ್ಟ್ ವ್ಯಾಕ್ಸಿನ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ಅಲ್ಲೊಂದು ಇಲ್ಲೊಂದು ಹೊಳೆಯುವ ಮಚ್ಚೆ ಬಿದ್ದರೆ ಅದನ್ನು ತೆಗೆಯುವುದು ಭಾರೀ ಕಷ್ಟ. ಮ್ಯಾಟ್ ಪೇಂಟಿಗೆಂದೇ ಮಾಡಿದ ಸ್ಪ್ರೇ ಬೇರೆ ಸಿಗುತ್ತದೆ.