ಕೈಯಲ್ಲಿ ಬಿಡಿಸಿದ್ದೆಂದು ಮಾರುವ ಪಾಪ್ ಆರ್ಟ್ ಭಾವಚಿತ್ರ: ದುಡ್ಡು ಕಳಿಸುವ ಮುಂಚೆ ಓದಿ

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ವಾಚನಾಲಯದವರು ಡಾ. ರಾಜ್‌ಕುಮಾರ್ ಅವರ ಪಾಪ್ ಆರ್ಟ್ (ಸಿನಿಮಾ, ಜಾಹೀರಾತಿನ ಚಿತ್ರಗಳನ್ನು ಢಾಳಾದ ಸಪಾಟು ಬಣ್ಣಗಳಲ್ಲಿ ಮೂಡಿಸುವ ಶೈಲಿ) ಭಾವಚಿತ್ರವನ್ನು ಆನ್‌ಲೈನ್‌ನಲ್ಲಿ ತರಿಸಿದರು. 24x36 ಇಂಚು, ಕ್ಯಾನ್ವಾಸ್ ಮೇಲೆ ಅಕ್ರಿಲಿಕ್, ಪೂರ್ತಿ ಕೈಕೆಲಸ ಎಂದು ಹೇಳಿ ಮಾರಿದವರು 18,000 ರೂಪಾಯಿಯನ್ನು ಮೊದಲೇ ಪೂರ್ತಿ ತೆಗೆದುಕೊಂಡಿದ್ದರು. ಬಂದದ್ದು ಆ್ಯಪ್‌ನಲ್ಲಿ ಫಿಲ್ಟರ್ ಹಾಕಿದ ಫೋಟೊದ ಪ್ರಿಂಟ್. ಮೇಲೆ ಬ್ರಷ್‌ನಿಂದ ಪಾರದರ್ಶಕ ಜೆಲ್ ಬಳಿದಿದ್ದರು, ಅಷ್ಟೆ. ಊರವರು ಚಂದಾ ಎತ್ತಿ ಕೂಡಿಸಿದ ಹಣ ಅದು.

ಪ್ರಶ್ನಿಸಿದರೆ ಸಿಗುವ ಉತ್ತರ ಒಂದೇ: "ವಾರ್ಹೋಲ್ ಕೂಡ ಪ್ರಿಂಟ್ ಮಾಡಿದವನೇ ಅಲ್ವಾ?" ಹೌದು. 1962ರಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ತೀರಿಕೊಂಡ ಮೇಲೆ ಅಮೆರಿಕದ ಪಾಪ್ ಆರ್ಟ್ ಕಲಾವಿದ ಆ್ಯಂಡಿ ವಾರ್ಹೋಲ್ ಅವಳ ಮುಖವನ್ನು ಸಿಲ್ಕ್‌ಸ್ಕ್ರೀನ್‌ನಲ್ಲೇ, ಅಂದರೆ ಜಾಲರಿ ಬಟ್ಟೆಯ ಮೂಲಕ ಶಾಯಿ ಒತ್ತುವ ಅಚ್ಚಿನಲ್ಲೇ ಮೂಡಿಸಿದ್ದು, ಅದೂ ಸಿನಿಮಾ ಪ್ರಚಾರದ ಒಂದು ಫೋಟೊ ಇಟ್ಟುಕೊಂಡು. ಆದರೆ ಅಲ್ಲಿ ಮುಖ, ಕೂದಲು, ತುಟಿಯ ಬಣ್ಣಗಳನ್ನು ಕ್ಯಾನ್ವಾಸ್ ಮೇಲೆ ಮೊದಲು ಬಳಿದು, ಆಮೇಲೆ ಕಪ್ಪು ಶಾಯಿಯನ್ನು ಜಾಲರಿಯ ಮೂಲಕ ಎಳೆದದ್ದು. ಶಾಯಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬಣ್ಣ ಗೆರೆಯಿಂದ ಚೂರು ಆಚೀಚೆ ಸರಿದಿರುತ್ತದೆ. ಆ ಚಿತ್ರಗಳ ಜೀವ ಇರುವುದೇ ಅದರಲ್ಲಿ. ಇಂಕ್‌ಜೆಟ್ ಪ್ರಿಂಟ್‌ಗೆ ಅದರ ಹೆಸರು ಹೇಳಿ ಕೈಕೆಲಸದ ದರ ಹಾಕುವುದು ಶುದ್ಧ ಮೋಸ. ಪ್ರಿಂಟ್ ಎಂದು ಹೇಳಿ ಪ್ರಿಂಟ್‌ನ ಬೆಲೆಗೆ ಕೊಟ್ಟರೆ ಯಾರ ತಕರಾರೂ ಇಲ್ಲ.

ಗುರುತಿಸುವುದು ಕಷ್ಟವಲ್ಲ. ಕೆನ್ನೆಯಂಥ ಸಪಾಟು ಬಣ್ಣದ ಜಾಗಕ್ಕೆ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿಯಿರಿ. ಬ್ರಷ್ಷಿನ ಕೆಲಸವಾದರೆ ಗುಲಾಬಿ ಗುಲಾಬಿಯೇ ಆಗಿರುತ್ತದೆ. ಪ್ರಿಂಟ್ ಆದರೆ ಕೆನ್ನೀಲಿ, ಹಳದಿ, ತಿಳಿನೀಲಿ, ಕಪ್ಪು ಕಣಗಳು ಪುಡಿ ಉದುರಿಸಿದ ಹಾಗೆ ಕಾಣುತ್ತವೆ. ಲಿಕ್ಟೆನ್‌ಸ್ಟೈನ್ (ಕಾಮಿಕ್ಸ್ ಅಚ್ಚಿನ ಚುಕ್ಕೆಗಳನ್ನು ದೊಡ್ಡದಾಗಿ ಬಿಡಿಸಿದ ಪಾಪ್ ಆರ್ಟ್ ಕಲಾವಿದ) ಮಾದರಿಯ ಚುಕ್ಕೆಗಳನ್ನು ನೋಡಿ ಗಲಿಬಿಲಿಯಾಗಬೇಡಿ; ಅವು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು, ಒಂದೊಂದು ಚುಕ್ಕೆಗೂ ಒಂದೇ ಬಣ್ಣ.

ಆಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಈ ವಾಚನಾಲಯದ ಚಿತ್ರದಲ್ಲಿ ಜೆಲ್‌ನ ಗೀರು ಕೂದಲಿನಲ್ಲಿ ಶುರುವಾಗಿ ಹಣೆ ದಾಟಿ ಹಿನ್ನೆಲೆಯ ಹಳದಿಗೆ ಹೋಗಿತ್ತು, ಬಣ್ಣ ಮಾತ್ರ ಎಲ್ಲೂ ಎಳೆದುಕೊಂಡಿರಲಿಲ್ಲ. ನಿಜವಾಗಿ ಬಣ್ಣ ತುಂಬಿದ ಕಡೆ ಬ್ರಷ್ ಗೆರೆಯ ಹತ್ತಿರ ನಿಲ್ಲುತ್ತದೆ. ಟೇಪ್ ಅಂಟಿಸಿ ಬಳಿದಿದ್ದರೆ ಅಂಚಿನಲ್ಲಿ ಸಣ್ಣ ಏಣು ಬೆರಳಿಗೇ ಸಿಗುತ್ತದೆ.

ಪ್ರಿಂಟ್ ಆಗಿಯಾದರೂ ಅದು ಚೆನ್ನಾಗಿತ್ತೇ ಅಂದರೆ ಅದೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 36 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 44 ಪಿಕ್ಸೆಲ್ ಮಾತ್ರ. ಕನಿಷ್ಠ 150 ಬೇಕು, ಅಂದರೆ 3600x5400. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಪಿಕ್ಸೆಲ್ ಉಳಿಯುತ್ತವೆ. ಜೊತೆಗೆ, ಒಂದೂವರೆ ಇಂಚು ದಪ್ಪದ ಚೌಕಟ್ಟಿಗೆ ಮಡಚಲು ನಾಲ್ಕೂ ಕಡೆ 2 ಇಂಚು ಹೆಚ್ಚು ಬಿಡಬೇಕಿತ್ತು. ಬಿಡದ ಕಾರಣ ತಲೆಗೂದಲು ಬದಿಗೆ ಮಡಚಿ ಹೋಗಿದೆ. ಇನ್ನು ಫೋನಿನಲ್ಲಿ ಮಿಂಚುವ ನಿಯಾನ್ ಗುಲಾಬಿ ನಾಲ್ಕು ಬಣ್ಣದ ಶಾಯಿಯಲ್ಲಿ ಬರುವುದೇ ಇಲ್ಲ, ಮಾಸಲಾಗುತ್ತದೆ. 6 ಇಂಚಿನ ಪಟ್ಟಿಯೊಂದನ್ನು ಮೊದಲು ಪ್ರಿಂಟ್ ಹಾಕಿಸಿ ನೋಡಬೇಕು.

ನಮ್ಮ ಮಳೆಯ ವಿಷಯ ಬೇರೆಯೇ. ಬೆನ್ನಿಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ) ಹಲಗೆ ಬಡಿದು ಪ್ಲಾಸ್ಟಿಕ್ ಸುತ್ತಿ ಕೊಟ್ಟದ್ದನ್ನು ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಗೆ ತಾಗಿಸಿ ತೂಗು ಹಾಕಿದರೆ, ಮಳೆಗಾಲದ ಆಟಿ ತಿಂಗಳು ಕಳೆಯುವಷ್ಟರಲ್ಲಿ ಹಲಗೆ ಉಬ್ಬಿ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. ಮರದ ಚೌಕಟ್ಟು ಕೇಳಿ, ಬೆನ್ನು ಉಸಿರಾಡಲಿ, ಕೆಳಗಿನ ಎರಡು ಮೂಲೆಗೆ ಒಂದು ಸೆಂಟಿಮೀಟರ್ ದಪ್ಪದ ಕಾರ್ಕ್ ಅಂಟಿಸಿ. ಅಕ್ರಿಲಿಕ್ ಚಿತ್ರವನ್ನು ಸುರುಳಿ ಮಾಡಿ ಕಳಿಸುವುದಾದರೆ ಬಣ್ಣದ ಮೈ ಹೊರಗಿರಬೇಕು, ಬಬಲ್ ರ‍್ಯಾಪ್ ನೇರವಾಗಿ ತಾಗಬಾರದು; ಸೆಕೆಗೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಉಳಿದುಬಿಡುತ್ತದೆ.

ಕೈಕೆಲಸವೇ ಬೇಕಿದ್ದರೆ ಮುಂಗಡ ಮೂರನೇ ಒಂದು ಭಾಗ ದಾಟಬಾರದು. ಪೆನ್ಸಿಲ್ ಗೆರೆ, ಸಪಾಟು ಬಣ್ಣ, ಕೊನೆಯ ಹಂತ, ಮೂರರ ಫೋಟೊವನ್ನೂ ನಿಮ್ಮ ಆರ್ಡರ್ ಸಂಖ್ಯೆಯ ಚೀಟಿ ಪಕ್ಕದಲ್ಲಿಟ್ಟು ತೆಗೆದು ಕಳಿಸಬೇಕೆಂದು ಬರೆದು ಒಪ್ಪಿಸಿಕೊಳ್ಳಿ. ಬಿಲ್‌ನಲ್ಲಿ "ಕ್ಯಾನ್ವಾಸ್ ಆರ್ಟ್" ಎಂದಷ್ಟೇ ಬರೆದರೆ ಒಪ್ಪಬೇಡಿ. ಮೋಸ ನಡೆಯುವುದೇ ಆ ಎರಡು ಪದಗಳ ಮರೆಯಲ್ಲಿ.

ಆಗಲೇ ಮೋಸ ಹೋದವರು ಸುಮ್ಮನಿರಬೇಡಿ. ಪೆಟ್ಟಿಗೆ ಬಿಚ್ಚುವ ವಿಡಿಯೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಭೂತಗನ್ನಡಿಯ ಮೂಲಕ ತೆಗೆದ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾರಿದವರು ಬೆಂಗಳೂರಿನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ.